ಅರೋರಾ ಎ ತಡೆದ ಮೇಲೆ ವಿಭಜನೆಯಲ್ಲಿರುವ ಕೋಶಗಳೇ ಕಾಣುತ್ತಿಲ್ಲ, ಯಾಕೆ?

ಪ್ರಶ್ನೆ, ಪುಣೆಯಿಂದ:
ಹೀಲಾ ಕೋಶಗಳಿಗೆ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶ) ಅಲಿಸರ್ಟಿಬ್ 1 ಮೈಕ್ರೋಮೋಲಾರ್ ಹಾಕಿ, ಅಂದರೆ ವಿಭಜನೆಗೆ ಬೇಕಾದ ಅರೋರಾ ಎ ಕೈನೇಸ್ (ಪ್ರೋಟೀನ್‌ಗೆ ಫಾಸ್ಫೇಟ್ ಕೂರಿಸುವ ಕಿಣ್ವ) ತಡೆಯುವ ಔಷಧ ಹಾಕಿ, ರಾತ್ರಿಯಿಡೀ ಬಿಟ್ಟೆ. ಏಕಧ್ರುವ ಸ್ಪಿಂಡಲ್ (ಕ್ರೋಮೋಸೋಮ್ ಎಳೆಯುವ ನಾರುಗಳ ರಚನೆಗೆ ಎರಡರ ಬದಲು ಒಂದೇ ಧ್ರುವ) ಜಾಸ್ತಿ ಸಿಗಬೇಕಿತ್ತು. ಆದರೆ ಫಾಸ್ಫೋ ಎಚ್3 ಸೆರೀನ್ 10 (ಹಿಸ್ಟೋನ್ ಎಚ್3 ಮೇಲಿನ ಫಾಸ್ಫೇಟ್, ವಿಭಜನೆಯಲ್ಲಿರುವ ಕೋಶದ ಗುರುತು) ಸ್ಟೇನ್ ಮಾಡಿ ಎಣಿಸಿದರೆ ಕಂಟ್ರೋಲ್‌ಗಿಂತ ಕಡಿಮೆ ಬರುತ್ತಿದೆ. ಡಿಎನ್‌ಎ ಬಣ್ಣ ಡ್ಯಾಪಿಯಲ್ಲಿ ಕೆಲವು ನ್ಯೂಕ್ಲಿಯಸ್ ದೊಡ್ಡದಾಗಿ, ಹಾಲೆ ಹಾಲೆಯಾಗಿ ಕಾಣುತ್ತವೆ. ಔಷಧ ಕೆಟ್ಟಿದೆಯಾ? ಹೊಸದು ತರಿಸೋಕೆ ವಾರಗಟ್ಟಲೆ ಕಾಯಬೇಕು.

ಉತ್ತರ, ಮುಂಬೈ ಪರೇಲ್‌ನಿಂದ:
ತರಿಸಬೇಡಿ. ಔಷಧ ಕೆಟ್ಟಿದ್ದರೆ ನ್ಯೂಕ್ಲಿಯಸ್ ಹಾಗಾಗುತ್ತಿರಲಿಲ್ಲ. ಡೋಸ್ ಜಾಸ್ತಿಯಾಗಿದೆ, ಅಷ್ಟೇ. 1 ಮೈಕ್ರೋಮೋಲಾರ್‌ನಲ್ಲಿ ಅದು ಅರೋರಾ ಎಯ ಸೋದರ ಕಿಣ್ವ ಅರೋರಾ ಬಿಯನ್ನೂ ಹಿಡಿಯುತ್ತದೆ. ಸೆರೀನ್ 10ಕ್ಕೆ ಫಾಸ್ಫೇಟ್ ಕೂರಿಸುವುದೇ ಅರೋರಾ ಬಿ ಅಲ್ವಾ? ಅಂದರೆ ನೀವು ಎಣಿಸೋಕೆ ಇಟ್ಟುಕೊಂಡ ಗುರುತನ್ನೇ ಔಷಧ ಅಳಿಸುತ್ತಿದೆ. ಕೋಶ ವಿಭಜನೆಯಲ್ಲೇ ಇರುತ್ತದೆ, ಸ್ಟೇನ್ ಮಾತ್ರ ಮಂಕು. ಜೊತೆಗೆ ಅರೋರಾ ಬಿ ಕೈಕೊಟ್ಟರೆ ಚೆಕ್‌ಪಾಯಿಂಟ್ (ಕ್ರೋಮೋಸೋಮ್ ಸರಿಯಾಗಿ ಸ್ಪಿಂಡಲ್‌ಗೆ ಅಂಟುವವರೆಗೆ ಕೋಶವನ್ನು ತಡೆದು ನಿಲ್ಲಿಸುವ ಕಾವಲು) ಸಡಿಲವಾಗುತ್ತದೆ, ಕೋಶ ಎರಡಾಗದೆ ಹೊರಬರುತ್ತದೆ. ನಿಮ್ಮ ದೊಡ್ಡ ನ್ಯೂಕ್ಲಿಯಸ್‌ಗಳು ಬಂದಿದ್ದು ಅಲ್ಲಿಂದ.

20, 50, 100, 250 ನ್ಯಾನೋಮೋಲಾರ್ ಹಾಕಿ ನೋಡಿ. ಪ್ರತಿ ಡೋಸ್‌ನಲ್ಲೂ ಎರಡು ಸ್ಟೇನ್ ಮಾಡಿ: ಧ್ರುವಗಳಲ್ಲಿ ಅರೋರಾ ಎ ಥ್ರಿಯೊನಿನ್ 288 (ಅದು ಚಾಲೂ ಇದೆ ಅನ್ನುವ ಫಾಸ್ಫೇಟ್ ಗುರುತು), ಕ್ರೋಮೋಸೋಮ್ ಮೇಲೆ ಸೆರೀನ್ 10. ಮೊದಲನೆಯದು ಆರಿ, ಎರಡನೆಯದು ಉಳಿದ ಡೋಸ್ ನಿಮಗೆ ಬೇಕಾದದ್ದು. ಎಣಿಕೆಯನ್ನು ಡ್ಯಾಪಿಯಲ್ಲಿ ಗಟ್ಟಿಯಾದ ಕ್ರೋಮೋಸೋಮ್ ನೋಡಿಯೇ ಮಾಡಿ.

ಇನ್ನೊಂದು ಮಾತು. ಏಕಧ್ರುವ ಕಂಡ ತಕ್ಷಣ ಅರೋರಾ ಎ ಅಂತ ಬರೆದುಬಿಡಬೇಡಿ. ಬೋರಾ ಎಂಬ ಸಹಾಯಕ ಪ್ರೋಟೀನ್ ಜೊತೆ ಸೇರಿ ಅರೋರಾ ಎ, ಪಿಎಲ್‌ಕೆ1 ಎಂಬ ಇನ್ನೊಂದು ಕೈನೇಸ್‌ನ ಥ್ರಿಯೊನಿನ್ 210ಕ್ಕೆ ಫಾಸ್ಫೇಟ್ ಹಾಕಿ ಅದನ್ನು ಚಾಲೂ ಮಾಡುತ್ತದೆ. ಪಿಎಲ್‌ಕೆ1 ತಡೆದರೂ ಅದೇ ಚಿತ್ರ. ಧ್ರುವಗಳನ್ನು ದೂರ ತಳ್ಳುವ ಇಜಿ5 ಮೋಟಾರ್ ಪ್ರೋಟೀನ್ ತಡೆದರೂ ಅದೇ. ಆ ಮೋಟಾರ್ ಸ್ಪಿಂಡಲ್‌ಗೆ ಅಂಟಿಕೊಳ್ಳೋಕೆ ಸಿಡಿಕೆ1 ಎಂಬ ಮತ್ತೊಂದು ಕೈನೇಸ್‌ನ ಫಾಸ್ಫೇಟ್ ಬೇಕು. ಗಾಮಾ ಟ್ಯೂಬ್ಯುಲಿನ್ (ಧ್ರುವದಲ್ಲಿರುವ ಸೆಂಟ್ರೋಸೋಮ್‌ನ ಗುರುತು) ಕೂಡ ಸ್ಟೇನ್ ಮಾಡಿ. ಪಿಎಲ್‌ಕೆ1 ತಡೆದಾಗ ಸೆಂಟ್ರೋಸೋಮ್ ಚುಕ್ಕೆ ಎದ್ದು ಕಾಣುವಷ್ಟು ಸಣ್ಣದಾಗುತ್ತದೆ, ಇಜಿ5 ತಡೆದಾಗ ಹಾಗಾಗುವುದಿಲ್ಲ.

ಉತ್ತರ, ಗೋವಾದಿಂದ:
ಫಿಕ್ಸ್ ಮಾಡುವಾಗ ಪಿಬಿಎಸ್ ಬಫರ್ ಫ್ರಿಜ್‌ನಿಂದ ನೇರ ಹಾಕ್ತೀರಾ? ತಣ್ಣಗಾದರೆ ಸ್ಪಿಂಡಲ್‌ನ ನಾರುಗಳಾದ ಮೈಕ್ರೋಟ್ಯೂಬ್ಯೂಲ್ ಕರಗಿಹೋಗುತ್ತವೆ, ಕ್ರೋಮೋಸೋಮ್‌ಗೆ ಅಂಟಿದ ಕೈನೆಟೊಕೋರ್ ಕಟ್ಟುಗಳಷ್ಟೇ ಉಳಿಯುತ್ತವೆ. ಆಗ ಔಷಧ ಹಾಕದ ಡಿಶ್‌ನಲ್ಲೂ ಸ್ಪಿಂಡಲ್ ಬಡಕಲು. ಎಲ್ಲವನ್ನೂ 37 ಡಿಗ್ರಿಗೆ ತನ್ನಿ.

ಪುಣೆಯಿಂದ:
ಬೆಚ್ಚಗಿನ ಬಫರ್, 50 ನ್ಯಾನೋಮೋಲಾರ್. ಸೆರೀನ್ 10 ಚೆನ್ನಾಗಿ ಹೊಳೆಯುತ್ತಿದೆ, 288 ಹೆಚ್ಚುಕಡಿಮೆ ಇಲ್ಲ. ಏಕಧ್ರುವ ಸಿಕ್ಕಿದೆ! ಆದರೆ ಕೆಲವಕ್ಕೆ ಎರಡು ಧ್ರುವ ಇದ್ದೇ ಇವೆ. ಡೋಸ್ ಏರಿಸಲಾ?

ಪರೇಲ್‌ನಿಂದ:
ಬೇಡ. ಅರೋರಾ ಎ ಇಲ್ಲದಿದ್ದರೂ ಎಷ್ಟೋ ಕೋಶಗಳು ತಡವಾಗಿ ಎರಡು ಧ್ರುವ ಕಟ್ಟಿಕೊಳ್ಳುತ್ತವೆ, ಕ್ರೋಮೋಸೋಮ್ ಮಾತ್ರ ಸಾಲಿಗೆ ಬಂದಿರುವುದಿಲ್ಲ. ಅವನ್ನು ಬೇರೆ ಕಾಲಂನಲ್ಲಿ ಎಣಿಸಿ.