ಪ್ರಶ್ನೋತ್ತರ: ಹೈವೇದಾಗ ಸ್ಪೀಡ್ ಹೆಂಗ ಹಿಡೀತಾರ? ಇಂಟರ್‌ಸೆಪ್ಟರ್ (ಸ್ಪೀಡ್ ಹಿಡಿಯೂ ಪೊಲೀಸ್ ಗಾಡಿ) ಡ್ಯೂಟಿ ಮಾಡಿದವ್ರನ್ನ ಕೇಳ್ರಿ

ಪ್ರಶ್ನೆ (ಗಾಡಿ ಓನರ್, ಗೋಕುಲ ರೋಡ್, ಹುಬ್ಬಳ್ಳಿ):
ಸರ್ ನಮಸ್ಕಾರ್ರಿ. ನಂದೊಂದು ಬೊಲೆರೋ ಪಿಕಪ್ ಐತ್ರಿ, ಡ್ರೈವರ್ ಹುಡುಗ ಓಡಸ್ತಾನ. ಕಳದ ವಾರ ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡ್ ತಗೊಂಡು ಬರೂಮುಂದ ಬಂಕಾಪುರ ದಾಟಿ ಎಲ್ಲೋ ಸ್ಪೀಡ್ ಹಿಡದಾರ, 94 ಇತ್ತು ಅಂತ ನನ್ನ ಮೊಬೈಲಿಗೆ ಮೆಸೇಜ್ ಬಂದೈತಿ. ಫೋರ್ ಲೇನ್ ಹೈವೇಕ್ಕ 100 ಅಲ್ಲೇನ್ರಿ ಲಿಮಿಟ್? ಯಾರೂ ಕೈ ಮಾಡಿ ನಿಲ್ಲಿಸಿಲ್ಲ ಅಂತಾನ ಹುಡುಗ. ಇದನ್ನ ಕಟ್ಟಬೇಕೋ ಬ್ಯಾಡೋ?

ಉತ್ತರ (ನಿವೃತ್ತ ಎಎಸ್‌ಐ, ಟ್ರಾಫಿಕ್):
ನಮಸ್ಕಾರ್ರಿ ಅಣ್ಣಾರ. ಆ 100 ಇರೂದು ಕಾರಿಗೆ ರೀ, ಪಿಕಪ್‌ಗೆ ಅಲ್ಲ. ನಾ ರೋಡಿನ ಮ್ಯಾಲೆ ನಿಂತಾಗ ಹತ್ತರಾಗ ಎಂಟು ಮಂದಿ ಇದ ಮಾತು ಹೇಳ್ತಿದ್ರು. 2018ರ ಏಪ್ರಿಲ್‌ದಾಗ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ ನೋಡ್ರಿ, ಡಿವೈಡರ್ ಇರೋ ಫೋರ್ ಲೇನ್‌ದಾಗ ಕಾರಿಗೆ 100, ಟೆಂಪೋ ಟ್ರಾವೆಲರ್, ಬಸ್ಸು ಇಂಥಾವಕ್ಕ 90, ಮಾಲ್ ಹೊರೋ ಗಾಡಿಗೆ ಸಣ್ಣದಿರ್ಲಿ ದೊಡ್ಡದಿರ್ಲಿ 80, ಬೈಕಿಗೂ 80, ಆಟೋಕ್ಕ 50. ಡಿವೈಡರ್ ಇಲ್ಲದ ರೋಡಿಗೆ ಬಂದ್ರ ಕಾರಿಗೇ 70, ನಿಮ್ಮ ಪಿಕಪ್‌ಗೆ 60. ಇದಕ್ಕಿಂತ ಕಮ್ಮಿ ಬೋರ್ಡ್ ಎಲ್ಲಿ ಹಾಕ್ಯಾರ ಅಲ್ಲಿ ಆ ಬೋರ್ಡಿನ ನಂಬರೇ ಲಿಮಿಟ್. ಹಂಗಾಗಿ 94 ಅಂದ್ರ ನಿಮ್ಮ ಹುಡುಗ 14 ಜಾಸ್ತಿ ಇದ್ದ.

ಕೈ ಮಾಡಿ ನಿಲ್ಲಿಸಬೇಕು ಅಂತೇನಿಲ್ಲ. ಮೊದಲೆಲ್ಲಾ ಒಬ್ಬ ಸ್ಪೀಡ್ ಅಳೆಯೂ ಗನ್ ಹಿಡಿಯಾಂವ, ಮುಂದ ಅರ್ಧ ಕಿಲೋಮೀಟರಿಗೆ ಇನ್ನೊಂದು ಟೀಮ್, ವೈರ್‌ಲೆಸ್‌ದಾಗ ನಂಬರ್ ಹೇಳಿದ ಕೂಡ್ಲೆ ಅವ್ರು ನಿಲ್ಲಿಸೂದು, ಹಿಂಗ ಮಾಡ್ತಿದ್ವಿ. ಅದರಾಗ ಅಪಾಯ ಬಾಳ ಇತ್ತು, 100ರಾಗ ಬರೂ ಗಾಡಿ ಮುಂದ ಮನಷ್ಯಾ ಕೈ ಚಾಚಿ ನಿಲ್ಲಬೇಕಲ್ಲ. ಈಗ ಫೋಟೋ ತಗದು ಗಾಡಿ ಯಾರ ಹೆಸರಿನ್ಯಾಗ ಐತಿ ಅವ್ರ ಮೊಬೈಲಿಗೆ ಚಲನ್ ಕಳಸ್ತಾರ.

ಪ್ರಶ್ನೆ (ಕಾರಿನವ್ರು, ವಿದ್ಯಾನಗರ):
ಸರ್ ಆ ಗನ್ ಖರೇನ ಕರೆಕ್ಟ್ ಇರ್ತೈತೇನ್ರಿ? ಮೂರು ಗಾಡಿ ಜೋಡಿ ಬರ್ತಿದ್ರ ಬಾಜೂದವನ ಸ್ಪೀಡ್ ನನ್ನ ಹೆಸರಿಗೆ ಬಿದ್ರ? ನನ್ನ ಮೀಟರ್‌ನ್ಯಾಗ 100 ಇದ್ದಾಗ ಮೊಬೈಲ್ ಮ್ಯಾಪ್‌ದಾಗ 95 ತೋರಸ್ತೈತಿ, ಯಾವುದು ನಂಬೂದು?

ಉತ್ತರ:
ಛಲೋ ಪ್ರಶ್ನೆ ಕೇಳಿದ್ರಿ. ಲೇಸರ್ ಗನ್ ಏನ್ ಮಾಡ್ತೈತಿ ಅಂದ್ರ, ಬೆಳಕಿನ ಸಣ್ಣ ಸಣ್ಣ ಬಡಿತ ಬಿಡ್ತೈತಿ, ಅವು ನಿಮ್ಮ ನಂಬರ್ ಪ್ಲೇಟಿಗೋ ಹೆಡ್‌ಲೈಟಿಗೋ ಬಡದು ವಾಪಸ್ ಬರಾಕ ಎಷ್ಟೊತ್ತು ಹತ್ತಿತು ಅನ್ನೂದರ ಮ್ಯಾಲೆ ದೂರ ಲೆಕ್ಕ ಹಾಕ್ತೈತಿ, ದೂರ ಎಷ್ಟು ಲಗೂ ಕಮ್ಮಿ ಆಗಾಕತ್ತೈತಿ ಅನ್ನೂದ ನಿಮ್ಮ ಸ್ಪೀಡು. ಕಿರಣ ಬಾಳ ಸಣ್ಣ ಇರ್ತೈತಿ, ನಾವು ಸ್ಕೋಪ್‌ನ್ಯಾಗ ಒಂದ ಗಾಡಿ ಮ್ಯಾಲೆ ಗುರಿ ಇಟ್ಟು ಟ್ರಿಗರ್ ಒತ್ತತೀವಿ. ನಡುವ ಬ್ಯಾರೆ ಗಾಡಿ ಅಡ್ಡ ಬಂದ್ರ ಎರರ್ ತೋರಸ್ತೈತಿ, ಮತ್ತ ಹೊಸದಾಗಿ ಹಿಡೀಬೇಕು. ಇನ್ನೊಂದು, ನಾವು ರೋಡಿನ ಬಾಜೂಕ್ಕ ನಿಂತು ಓರೆ ಹಿಡದಿರ್ತೀವಿ ನೋಡ್ರಿ, ಓರೆ ಹಿಡದಷ್ಟೂ ಮೆಷಿನ್ ಇದ್ದದ್ದಕ್ಕಿಂತ ಸ್ವಲ್ಪ ಕಮ್ಮೀನ ತೋರಸ್ತೈತಿ, ಅಂದ್ರ ಆ ಫರಕು ಡ್ರೈವರ್‌ಗೇ ಲಾಭ.

ನಿಮ್ಮ ಮೀಟರ್ ಮಾತು. ನಿಜವಾದ ವೇಗಕ್ಕಿಂತ ಮೀಟರ್ ಕಮ್ಮಿ ತೋರಿಸಬಾರದು ಅಂತ ನಿಯಮ ಐತಿ, ಅದಕ್ಕ ಕಂಪನಿಯವ್ರು ಬೇಕಂತ ಒಂದೀಟು ಜಾಸ್ತಿ ತೋರ್ಸಂಗ ಇಟ್ಟಿರ್ತಾರ. ಮ್ಯಾಪಿನ 95 ಖರೆ ವೇಗಕ್ಕ ಹತ್ರ. ಹಂಗಾಗಿ ಮೀಟರಿನ ಮುಳ್ಳು 100 ದಾಟದಂಗ ಬಂದ ಕಾರಿನವಂಗ 100ರ ರೋಡಿನ್ಯಾಗ ಚಲನ್ ಬರೂ ಕಾರಣನ ಇಲ್ಲ.

ಪ್ರಶ್ನೆ (ಬೈಕ್, ಗದಗ):
ಅಂಕಲ್ ಸಿಟ್ಟಾಗಬ್ಯಾಡ್ರಿ, ಗಿಡದ ಮರಿಗೆ ಅಡಗಿ ನಿಂತು ಯಾಕ ಹಿಡೀತಾರ? ರೊಕ್ಕಕ್ಕ ಅಲ್ಲೇನ್ರಿ?

ಉತ್ತರ:
ಸಿಟ್ಟಿಲ್ಲೋ ತಮ್ಮಾ. ಮರಿಗೆ ನಿಂತದ್ದು ನಾನೂ ಮಾಡೀನಿ, ಅದು ನನಗ ಸರಿ ಅನಿಸಲಿಲ್ಲ. 2021ರ ಆಗಸ್ಟ್‌ದಾಗ ಬಂದ ನಿಯಮದಾಗ ಕ್ಯಾಮೆರಾ ಇರೋ ಜಾಗಕ್ಕ ಮುಂಚೇನ ಕಾಣೂ ಹಂಗ ಬೋರ್ಡ್ ಹಾಕಬೇಕು ಅಂತ ಹೇಳೈತಿ, ಅದ ಛಲೋ.

ಆದ್ರ ಎಲ್ಲಿ ನಿಲ್ತಾರ ಅನ್ನೂದಕ್ಕ ಲೆಕ್ಕ ಇರ್ತೈತಿ ನೋಡಪಾ. ಹೆಚ್ಚುಕಮ್ಮಿ 500 ಮೀಟರ್ ಉದ್ದದ ತುಂಡಿನ್ಯಾಗ 3 ವರ್ಷದಾಗ ಸಾವು ಇಲ್ಲಾ ದೊಡ್ಡ ಗಾಯ ಆದ ಆಕ್ಸಿಡೆಂಟ್ 5 ಆಗಿದ್ರ, ಇಲ್ಲಾ 10 ಮಂದಿ ಸತ್ತಿದ್ರ, ಅದು ಬ್ಲ್ಯಾಕ್ ಸ್ಪಾಟ್. ಅಂಥಾ ಕಡೆ ನಮಗ ಡ್ಯೂಟಿ ಹಾಕ್ತಿದ್ರು. ಊರಿನ ಕ್ರಾಸು, ಟ್ರ್ಯಾಕ್ಟರ್ ಅಡ್ಡ ದಾಟೂ ಜಾಗ, ಹಿಂದ ಲೈಟ್ ಇಲ್ಲದ ಕಬ್ಬಿನ ಟ್ರೇಲರ್ ಹೋಗೂ ದಾರಿ. ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸ್ ಎಷ್ಟೋ ವರ್ಷ ಟೂ ಲೇನ್ ಇತ್ತು, ಡಿವೈಡರ್ ಇರಲಿಲ್ಲ, ಆದ್ರ ಹಿಂದ ಮುಂದ ಫೋರ್ ಲೇನ್ ಹೈವೇ, ಅದ ಸ್ಪೀಡಿನ್ಯಾಗ ಬಂದು ಒಳಗ ಹೊಕ್ಕೊಳ್ಳೂದು. 2021ರ ಜನವರಿ 15ಕ್ಕ ಇಟಿಗಟ್ಟಿ ಹತ್ರ ದಾವಣಗೆರಿ ಹೆಣ್ಣಮಕ್ಕಳು ಗೋವಾಕ್ಕ ಹೊಂಟಿದ್ದ ಟೆಂಪೋ ಟ್ರಾವೆಲರ್‌ಗೂ ಟಿಪ್ಪರ್‌ಗೂ ಎದುರಾಬದುರಾ ಬಡದು ಹತ್ತಕ್ಕೂ ಹೆಚ್ಚು ಮಂದಿ ಹೋದ್ರು, ಸಂಕ್ರಾಂತಿ ಮರುದಿನ. ಆ ರೋಡಿನ್ಯಾಗ ಇವತ್ತಿಗೂ ಹೋಗೂಮುಂದ ನನ್ನ ಕಾಲು ತಾನ ಆಕ್ಸಿಲರೇಟರ್ ಬಿಡ್ತೈತಿ.

ಮತ್ತ ನೀವೆಲ್ಲಾ ಎದುರಿನವ್ರಿಗೆ ಹೆಡ್‌ಲೈಟ್ ಹೊಡದು ಪೊಲೀಸ್ರು ಅದಾರ ಅಂತ ಹೇಳ್ತೀರಲ್ಲ, ಅವ್ರು ಗನ್ ಕಂಡ ಕೂಡ್ಲೆ ಗಪ್ಪನೆ ಬ್ರೇಕ್ ಹಾಕ್ತಾರ, ಹಿಂದಿನಾಂವ ಬಂದು ಗುದ್ತಾನ, ಇದನ್ನ ಕಣ್ಣಾರೆ ನೋಡೀನಿ. ಬೈಕಿನ್ಯಾಗ ಇದ್ದಾಗ ಹಂಗ ಮಾಡಬ್ಯಾಡ. ಈಗ 130 ದಾಟಿದ್ರ ಬರೇ ದಂಡ ಅಲ್ಲ, 2024ರ ಆಗಸ್ಟ್ ಒಂದರಿಂದ ಎಫ್‌ಐಆರ್ ಹಾಕ್ತೀವಿ ಅಂತ ರಾಜ್ಯ ಪೊಲೀಸ್ರೇ ಹೇಳ್ಯಾರ, ನೆನಪಿರ್ಲಿ.

ಪ್ರಶ್ನೆ (ಧಾರವಾಡ):
ಸರ್, ನಮ್ಮನಿಯವ್ರಿಗೆ ವಾಟ್ಸಾಪ್‌ದಾಗ ಚಲನ್ ಬಂದದ, ಒಂದು ಫೈಲ್ ಓಪನ್ ಮಾಡ್ರಿ ಅಂತದ. ಮಾಡ್ಲೇನು?

ಉತ್ತರ:
ಬ್ಯಾಡ್ರೀ ಅಕ್ಕಾರ, ಮುಟ್ಟಬ್ಯಾಡ್ರಿ! ಫೈಲಿನ ಹೆಸರಿನ ಕೊನೀಗೆ ಎಪಿಕೆ (.apk) ಅಂತ ಇದ್ರ ಅದು ಬ್ಯಾಂಕಿನ ರೊಕ್ಕ ಹೊಡಿಯೂ ಕಳ್ಳರದು. ಸರ್ಕಾರದ ಪರಿವಾಹನ್ ಸೈಟಿಗೆ ನೀವ ಹೋಗಿ ಗಾಡಿ ನಂಬರ್ ಹಾಕಿ ನೋಡ್ರಿ, ಇಲ್ಲಾ ಹತ್ರದ ಟ್ರಾಫಿಕ್ ಸ್ಟೇಷನ್‌ದಾಗ ಕೇಳ್ರಿ.

ಪ್ರಶ್ನೆ (ಮೊದಲಿನ ಗಾಡಿ ಓನರ್):
ಸರ್ ನಾ ಸೈಟಿನ್ಯಾಗ ನೋಡಿದೆ, ಫೋಟೋ ನಮ್ಮ ಗಾಡೀದ ಐತಿ, ನಂಬರ್ ಸ್ವಚ್ಛ ಕಾಣ್ತೈತಿ. ಹುಡುಗನ ಪಗಾರದಾಗ ಮುರಕೋಬೇಕಂತ ಮಾಡೀನಿ.

ಉತ್ತರ:
ಫೋಟೋ, ಅದರ ಮ್ಯಾಲೆ ಸ್ಪೀಡು, ಜಾಗ, ತಾರೀಖು, ಟೈಮು, ಯಾವ ಕಲಮು, ಇವೆಲ್ಲ ಇದ್ರ ಚಲನ್ ಗಟ್ಟಿ ಐತಿ ಅಂತನ ತಿಳೀರಿ. ತಪ್ಪು ಅನಿಸಿದ್ರ ಕೋರ್ಟಿನ್ಯಾಗ ಕೇಳೂ ಹಕ್ಕು ನಿಮಗೈತಿ. ಮೋಟಾರು ವಾಹನ ಕಾಯ್ದೆದ 183ನೇ ಕಲಮಿನ್ಯಾಗ ಸಣ್ಣ ಗಾಡಿಗೆ 1,000ದಿಂದ 2,000, ದೊಡ್ಡ ಗಾಡಿಗೆ 2,000ದಿಂದ 4,000 ರೂಪಾಯಿ ದಂಡ, ಎರಡನೇ ಸಲ ಸಿಕ್ರ ಲೈಸೆನ್ಸನ್ನ ಜಪ್ತಿ ಮಾಡ್ತಾರ.

ಪಗಾರ ಮುರಿಯೂಕಿಂತ ಮೊದಲು ಒಂದು ಕೇಳ್ತೀನಿ. ಅವತ್ತ ಅವಂಗ ಎಷ್ಟೊತ್ತಿಗೆ ಬಾ ಅಂದಿದ್ರಿ? ಯಾಕಂದ್ರ ಅದ 183ನೇ ಕಲಮಿನ್ಯಾಗ, ಡ್ರೈವರ್ ಅಷ್ಟ ಅಲ್ಲ, ತನ್ನ ಕೈಕೆಳಗಿನವ್ನ ಕಡೆ ಸ್ಪೀಡ್ ಓಡಿಸಿದ ಮಾಲೀಕನ ಮ್ಯಾಲೂ ಕೇಸ್ ಐತಿ. ಲಿಮಿಟ್ ಮುರೀದ ಮುಟ್ಟಾಕ ಆಗದಂಥಾ ಟೈಮ್ ಕೊಟ್ಟಿದ್ರ ಅದನ್ನ ಮಾಲೀಕನ ವಿರುದ್ಧ ಪುರಾವೆ ಅಂತ ಹಿಡೀಬಹುದು. ಹಾವೇರಿಯಿಂದ ಹುಬ್ಬಳ್ಳಿ ಹತ್ತತ್ರ 75 ಕಿಲೋಮೀಟರ್ ಹಿಡೀರಿ, 80ರಾಗ 56 ನಿಮಿಷ, 94ರಾಗ 48. ಉಳದದ್ದು 8 ನಿಮಿಷ. ಬ್ರೇಕ್ ಒತ್ತಿದ ಮ್ಯಾಲೆ ನಿಲ್ಲಾಕ ಬೇಕಾಗೂ ದೂರ ಮಾತ್ರ ಮೂರನೇ ಒಂದು ಪಾಲಿಗೂ ಮಿಕ್ಕಿ ಜಾಸ್ತಿ, ಅದೂ ಮ್ಯಾಲೆ ಚೀಲ ಪೇರಿಸಿದ ಗಾಡಿ.

ಗಾಡಿ ಓನರ್:
ಐದರೊಳಗ ಇಲ್ಲಿರಬೇಕು ಅಂತ ಹೇಳಿದ್ದೆ ಸರ್. ದಾರ್ಯಾಗ ಎರಡು ಸಲ ಫೋನೂ ಮಾಡೀನಿ.

ಉತ್ತರ:
ಹಂಗಾದ್ರ ನೀವ ಕಟ್ರಿ ಅಣ್ಣಾರ. ಮುಂದಿನ ಲೋಡಿಗೆ ಆರೂವರಿ ಅಂತ ಹೇಳ್ರಿ, ದಾರ್ಯಾಗ ಫೋನ್ ಮಾಡಬ್ಯಾಡ್ರಿ.