ಇಟಲಿಗೆ ಸ್ವಂತವಾಗಿ ಹೊರಟವರು: ಕೇಳಿ, ಬೊಲೊನ್ಯಾ ಅಕ್ಕ ಹೇಳ್ತಾರೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೇಳಿದ್ದ ಹಾಗೆ ಇವತ್ತು ಸಂಜೆ ಬೊಲೊನ್ಯಾ ಅಕ್ಕ ನಮ್ಮ ಜೊತೆ ಇರ್ತಾರೆ. ಹನ್ನೆರಡು ವರ್ಷದಿಂದ ಇಟಲಿಯ ಬೊಲೊನ್ಯಾ ಊರಲ್ಲೇ ಇದ್ದಾರೆ. ಪ್ಯಾಕೇಜ್ ಇಲ್ಲದೆ ತಾವಾಗೇ ಹೋಗೋರಿಗೆ ಪ್ರವಾಸದ ದಾರಿ ಹಾಕಿಕೊಡೋದೇ ಅವರ ಕಸುಬು. ಪ್ರಶ್ನೆ ಚಿಕ್ಕದಾಗಿರಲಿ, ಫಾರ್ವರ್ಡ್ ಹಾಕಬೇಡಿ.

ಕಾಫಿಪುಡಿ: ಅಕ್ಕ, ಕೊಲೋಸಿಯಂ ಟಿಕೆಟ್ ಅಲ್ಲಿಗೇ ಹೋಗಿ ತಗೋಬಹುದಾ?

ಬೊಲೊನ್ಯಾ ಅಕ್ಕ: ನಂಬ್ಕೊಂಡು ಹೋಗ್ಬೇಡಿ. ಅಧಿಕೃತ ಜಾಲತಾಣದಲ್ಲಿ 30 ದಿನ ಮೊದಲು ಬಿಡ್ತಾರೆ. ಟಿಕೆಟ್ ಮೇಲೆ ಹೆಸರಿರತ್ತೆ, ಬಾಗಿಲಲ್ಲಿ ಪಾಸ್‌ಪೋರ್ಟ್ ಜೊತೆ ತಾಳೆ ನೋಡ್ತಾರೆ. ಪಾಸ್‌ಪೋರ್ಟಲ್ಲಿ ಇದ್ದ ಹಾಗೇ ಬರೀರಿ, ನಮ್ಮೋರ ಇನಿಷಿಯಲ್ ರಗಳೆ ಗೊತ್ತಲ್ಲ. ಪಕ್ಕದ ಹಳೇ ರೋಮಿನ ಅವಶೇಷಗಳು, ಅಂದ್ರೆ ಫೋರಂ, ಪ್ಯಾಲಟೈನ್ ಗುಡ್ಡ ಎರಡೂ ಅದರಲ್ಲೇ ಸೇರಿರತ್ತೆ. ತಿಂಗಳ ಮೊದಲ ಭಾನುವಾರ ಪುಕ್ಕಟೆ, ಆದ್ರೆ ಅವತ್ತಿನ ಸಾಲು ನೋಡಿದ್ರೆ ವೈಕುಂಠ ಏಕಾದಶಿ ನೆನಪಾಗತ್ತೆ.

ಟೆಕ್ಕಿ ತಮ್ಮ: ವೀಸಾಗೆ ಡಮ್ಮಿ ಟಿಕೆಟ್, ಡಮ್ಮಿ ಹೋಟೆಲ್ ಬುಕಿಂಗ್ ಮುನ್ನೂರು ರೂಪಾಯಿಗೆ ಮಾಡಿಕೊಡ್ತಾರೆ ಅಂತ ಒಂದು ಮೆಸೇಜ್ ಓಡಾಡ್ತಿದೆ. ಇನ್ನೊಂದರಲ್ಲಿ, ಇಟಲಿಗೆ ಅಪಾಯಿಂಟ್‌ಮೆಂಟ್ ಸಿಗದಿದ್ರೆ ಬೇರೆ ಯಾವ ದೇಶದಿಂದ ಬೇಕಾದ್ರೂ ತಗೊಳ್ಳಿ ಅಂತಿದೆ. ನಿಜಾನಾ?

ಬೊಲೊನ್ಯಾ ಅಕ್ಕ: ಎರಡೂ ಬೇಡ. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಇರ್ತೀರೋ ಆ ದೇಶಕ್ಕೇ ಅರ್ಜಿ. ರಾತ್ರಿಗಳು ಸಮ ಇದ್ರೆ ಮೊದಲು ಕಾಲಿಡೋ ದೇಶಕ್ಕೆ. ಆರು ತಿಂಗಳು ಮೊದಲೇ ಹಾಕಬಹುದು, ಶುಲ್ಕ 90 ಯೂರೋ, ವಿಮೆ ಕನಿಷ್ಠ 30,000 ಯೂರೋದ್ದು. ಹಣ ವಾಪಸ್ ಬರೋ ಹಾಗೆ ಹೋಟೆಲ್ ಬುಕ್ ಮಾಡೋದು ತಪ್ಪಲ್ಲ, ಅದು ನಿಜವಾದ ಬುಕಿಂಗ್. ಆ ಮುನ್ನೂರು ರೂಪಾಯಿ ಕಾಗದ ಇದೆಯಲ್ಲ, ಅದು ಸುಳ್ಳು ದಾಖಲೆ. ನಿರಾಕರಣೆ ಆದ್ರೆ ಅದು ಐದು ವರ್ಷ ಅವರ ಗಣಕದಲ್ಲಿ ಇರತ್ತೆ, ಷೆಂಗೆನ್, ಅಂದ್ರೆ ಒಂದೇ ವೀಸಾ ನಡೆಯೋ ಯುರೋಪಿನ ಗುಂಪಿನ ಎಲ್ಲಾ ದೇಶಕ್ಕೂ ಕಾಣತ್ತೆ. ಆಮೇಲೆ ನನಗೆ ಅಳ್ತಾ ಫೋನ್ ಮಾಡ್ತಾರೆ, ಮೆಸೇಜ್ ಕಳಿಸಿದೋನು ಫೋನ್ ಎತ್ತಲ್ಲ.

ಸಾಗರದ ಮೇಷ್ಟ್ರು: ಮೇಡಂ, ನಮಸ್ಕಾರ. ನಾನು ನಿವೃತ್ತ ಗಣಿತ ಅಧ್ಯಾಪಕ, 67. ಮನೆಯವರಿಗೆ 64, ಜನವರಿಯಲ್ಲಿ ಎಡಮೊಣಕಾಲು ಬದಲಾಯಿಸಿದ್ದಾರೆ, ಈಗ ಆರಾಮಾಗಿ ಓಡಾಡ್ತಾರೆ. ಅಕ್ಟೋಬರ್‌ಗೆ ವಿಮಾನ ಬುಕ್ ಆಗಿದೆ. ಎರಡನೇ ಶನಿವಾರ ಬೆಳಿಗ್ಗೆ ರೋಮ್, ಮುಂದಿನ ಶುಕ್ರವಾರ ರಾತ್ರಿ ಮಿಲಾನ್‌ನಿಂದ ವಾಪಸ್. ಶನಿವಾರ ಕೊಲೋಸಿಯಂ, ಭಾನುವಾರ ವ್ಯಾಟಿಕನ್ ಮ್ಯೂಸಿಯಂ, ಸೋಮವಾರ ಫ್ಲಾರೆನ್ಸ್, ಮಂಗಳವಾರ ಪೀಸಾ ನೋಡಿ ರಾತ್ರಿ ವೆನಿಸ್, ಬುಧವಾರ ವೆನಿಸ್, ಗುರುವಾರ ಮಿಲಾನ್‌ನಲ್ಲಿ ಲಿಯೊನಾರ್ಡೊ ಬರೆದ 'ಕೊನೆಯ ಭೋಜನ' ಚಿತ್ರ. ದಯವಿಟ್ಟು ನೋಡಿ ಹೇಳಿ.

ಮಲ್ನಾಡ್ ಹುಡ್ಗಿ: ಮೇಷ್ಟ್ರೇ, ಇದು ಪ್ರವಾಸ ಅಲ್ಲ, ಎಲೆಕ್ಷನ್ ಪ್ರಚಾರ 😄

ಬೊಲೊನ್ಯಾ ಅಕ್ಕ: ಮೇಷ್ಟ್ರೇ, ಸ್ವಲ್ಪ ಉದ್ದ ಬರೀತೀನಿ, ನಿಮ್ಮ ಪಟ್ಟಿ ನೋಡಿ ಗಾಬರಿ ಆಯ್ತು. ಮೊದಲು ವಾರ ನೋಡಿ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರತ್ತೆ, ತಿಂಗಳ ಕೊನೇ ಭಾನುವಾರ ಮಾತ್ರ ತೆಗೀತಾರೆ. ಫ್ಲಾರೆನ್ಸಿನ ಉಫೀಝಿ ಚಿತ್ರಶಾಲೆ, ಮೈಕೆಲಾಂಜೆಲೊನ ದಾವೀದ ಶಿಲ್ಪ ಇರೋ ಅಕಾದೆಮಿಯಾ ಎರಡಕ್ಕೂ ಸೋಮವಾರ ರಜೆ. ಎರಡು ಊರಿಗೆ ಹೋಗಿ ಎರಡೂ ಕಡೆ ಬೀಗ ನೋಡ್ಕೊಂಡು ಬರ್ತಿದ್ರಿ.

ಮೊಣಕಾಲಿನ ವಿಷಯಕ್ಕೆ ಬರ್ತೀನಿ. ಮನೆ ಅಂಗಳದಲ್ಲಿ ಆರಾಮಾಗಿ ಓಡಾಡೋದು ಬೇರೆ, ಇಲ್ಲಿಯ ಕಲ್ಲುಹಾಸಿನ ಮೇಲೆ ದಿನಕ್ಕೆ ಎಂಟು–ಹತ್ತು ಕಿಲೋಮೀಟರ್ ಬೇರೆ. ರೋಮಿನ ಸಣ್ಣ ಕರೀಕಲ್ಲು ಒಂದೊಂದೂ ಒಂದೊಂದು ಕಡೆ ವಾಲಿರತ್ತೆ. ವೆನಿಸಲ್ಲಿ ಹೆಚ್ಚುಕಮ್ಮಿ ಪ್ರತಿ ಸೇತುವೆನೂ ಮೆಟ್ಟಿಲು ಹತ್ತಿ ಇಳಿಯೋದೇ, ಕೈಯಲ್ಲಿ ಸೂಟ್‌ಕೇಸ್ ಬೇರೆ. ಆರು ರಾತ್ರಿಗೆ ನಾಲ್ಕು ಹೋಟೆಲ್ ಅಂದ್ರೆ ಪೆಟ್ಟಿಗೆ ಎತ್ತಿ ಇಳಿಸೋದೇ ಒಂದು ಕೆಲಸ. ಪೀಸಾ, ಮಿಲಾನ್ ಕೈಬಿಡಿ. 'ಕೊನೆಯ ಭೋಜನ'ಕ್ಕೆ ಕೊಡೋದೇ 15 ನಿಮಿಷ, ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಖಾಲಿ. ನನ್ನನ್ನ ಕೇಳಿದ್ರೆ ವೆನಿಸ್ ಕೂಡ ಬಿಡಿ. ರೋಮ್ ಮೂರು ರಾತ್ರಿ, ಫ್ಲಾರೆನ್ಸ್ ಮೂರು. ಶುಕ್ರವಾರ ಬೆಳಿಗ್ಗೆ ಫ್ಲಾರೆನ್ಸಿಂದ ವೇಗದ ರೈಲಲ್ಲಿ ಎರಡು ಗಂಟೆಗೆ ಮಿಲಾನ್.

ಒಂದು ಪ್ರಶ್ನೆ. ಈ ಪಟ್ಟಿಯಲ್ಲಿ ಮನೆಯವರು ಕೇಳಿದ್ದು ಯಾವುದು?

ಹುಬ್ಳಿ ಮಂದಿ: ಅಕ್ಕಾರ, ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ತುಪ್ಪ, ಮ್ಯಾಲೆ ಎರಡ ಕಿಲೋ ಪೇಡೆ ಕಟ್ಟಕೊಂಡ ಹೊಂಟೇವ್ರಿ. ಏರ್‌ಪೋರ್ಟ್‌ನ್ಯಾಗ ಹಿಡೀತಾರೇನ್ರಿ?

ಬೊಲೊನ್ಯಾ ಅಕ್ಕ: ರೊಟ್ಟಿ ಚಟ್ನಿ ತೊಂದರೆ ಇಲ್ಲ. ತುಪ್ಪ, ಪೇಡೆ ಬಿಟ್ಟುಬನ್ನಿ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿಂದ ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ.

ಹುಬ್ಳಿ ಮಂದಿ: ತುಪ್ಪ ಇಲ್ದ ರೊಟ್ಟಿ ಹ್ಯಾಂಗ್ ತಿನ್ನೂದ್ರಿ 😭

ಕಾಫಿಪುಡಿ: ಇಟಲಿಗೆ ಹೋಗಿ ರೊಟ್ಟಿ ತಿನ್ನೋರು ಇಟಲಿಗ್ಯಾಕೆ ಹೋಗ್ತೀರಿ ಸ್ವಾಮಿ?

ಹುಬ್ಳಿ ಮಂದಿ: ನಮ್ಮ ಹೊಟ್ಟಿ, ನಮ್ಮ ರೊಟ್ಟಿ. ನಿಮಗೇನ್ ತ್ರಾಸ?

ಉಡುಪಿ ಊಟ: ಅವರು ಹೇಳಿದ್ದು ಸರಿಯೇ ಉಂಟು, ಅಲ್ಲಿ ಶುದ್ಧ ಸಸ್ಯಾಹಾರ ಸಿಗೂದೇ ಕಷ್ಟ. ನಾವು ರೈಸ್ ಕುಕ್ಕರ್ ತಕೊಂಡು ಹೋಗುವುದು. ಅಕ್ಕ, ಪಿಜ್ಜಾ, ಪಾಸ್ತಾ ತಿನ್ಬಹುದಲ್ಲ?

ಬೊಲೊನ್ಯಾ ಅಕ್ಕ: ಎಷ್ಟು ಕಟ್ಟುನಿಟ್ಟು ಅನ್ನೋದರ ಮೇಲೆ. ಅಸಲಿ ಪಾರ್ಮೆಸಾನ್ ಮಾಡೋಕೆ ಹಾಲನ್ನ ಒಡೆಯೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ. ರಿಸೊಟ್ಟೊ ಅನ್ನೋ ಅನ್ನದ ಅಡುಗೆಗೆ, ಸೂಪಿಗೆ ಮಾಂಸ ಬೇಯಿಸಿದ ನೀರು ಹಾಕಿರಬಹುದು. ನಮ್ಮ ಬೊಲೊನ್ಯಾ ಕಡೆ ಪಿಯಾದೀನಾ ಅಂತ ರೊಟ್ಟಿ ಇದೆ, ನೋಡೋಕೆ ಮೈದಾ ಚಪಾತಿ, ಸಾಂಪ್ರದಾಯಿಕವಾಗಿ ಹಂದಿ ಕೊಬ್ಬು ಹಾಕಿ ಕಲಸೋದು. 'ಮಾಂಸ ಬೇಡ' ಅಂದ್ರೆ ಸಾಲದು. 'ಸೆಂಜಾ ಕಾರ್ನೆ, ಸೆಂಜಾ ಪೆಶೆ, ಸೆಂಜಾ ಪ್ರೊಶ್ಯೂಟೊ, ಸೆಂಜಾ ಬ್ರೋದೊ ದಿ ಕಾರ್ನೆ' ಅಂತ ಚೀಟಿ ಬರ್ಕೊಂಡು ತೋರಿಸಿ: ಮಾಂಸ, ಮೀನು, ಹ್ಯಾಮ್, ಮಾಂಸದ ಸಾರು ಯಾವುದೂ ಬೇಡ ಅಂತ. ಪಿಜ್ಜಾ ಮರಿನಾರಾದಲ್ಲಿ ಚೀಸೇ ಇಲ್ಲ, ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ಟಸ್ಕನಿಯಲ್ಲಿ ಕಡಲೆಹಿಟ್ಟಿನ ಚೆಚೀನಾ ಸಿಗತ್ತೆ, ತಿಂದ್ರೆ ಊರು ನೆನಪಾಗತ್ತೆ.

ಕುಕ್ಕರ್ ಹೋಟೆಲ್ ರೂಮಲ್ಲಿ ಬೇಡ. ಅಪಾರ್ಟ್‌ಮೆಂಟ್ ತಗೊಂಡ್ರೆ ಆಗಬಹುದು, ಆದ್ರೆ ಇಲ್ಲಿ ಸಾಮಾನ್ಯ ಮನೆಗೆ ಕರೆಂಟ್ ಮೂರು ಕಿಲೋವ್ಯಾಟ್. ಏಸಿ, ಗೀಸರ್, ಕುಕ್ಕರ್ ಒಟ್ಟಿಗೆ ಹಾಕಿದ್ರೆ ಕತ್ತಲೆ.

ಉಡುಪಿ ಊಟ: ಪಾರ್ಮೆಸಾನ್‌ನಲ್ಲಿ ಕರುವಾ?! ಇಷ್ಟು ವರ್ಷ ತಿಂದದ್ದು ಮಾರಾಯ್ರೆ!

ಟೆಕ್ಕಿ ತಮ್ಮ: ಅಷ್ಟೆಲ್ಲ ನೋಡೋದಾದ್ರೆ ಮನೇಲೇ ಇರಿ ಸರ್.

ಉಡುಪಿ ಊಟ: ನಾನು ನಿಮ್ಮನ್ನು ಕೇಳಿದ್ದಲ್ಲ. ನೀವು ಮೊದಲು ಡಮ್ಮಿ ಟಿಕೆಟ್ ಬಿಡಿ.

ಹನಿಮೂನ್ ಜೋಡಿ: ವೆನಿಸಿನ ಗೊಂಡೋಲಾ ದೋಣಿ ರೇಟ್ ಎಷ್ಟು ಅಕ್ಕ? ಚೌಕಾಸಿ ಮಾಡಬಹುದಾ?

ಸೀಟಿ ರೋಡು: ಕೊಲೋಸಿಯಂ ಟಿಕೆಟ್ ಅಲ್ಲೇ ಸಿಗತ್ತಾ?

ಬೊಲೊನ್ಯಾ ಅಕ್ಕ: ಮೇಲೆ ಹೇಳಿದೀನಿ.

ಸಾಗರದ ಮೇಷ್ಟ್ರು: ಮೇಡಂ, ಮನೆಯವರನ್ನ ಕೇಳಿದೆ. ಅವರು ಕೇಳಿದ್ದು ವೆನಿಸ್ ಒಂದೇ ಅಂತೆ. ಉಳಿದದ್ದೆಲ್ಲ ನಂದೇ ಅಂತೆ. ನನಗೆ ಬೇಕಾಗಿದ್ದು ಫ್ಲಾರೆನ್ಸಿನ ದೊಡ್ಡ ಚರ್ಚಿಗೆ ಬ್ರುನೆಲ್ಲೆಸ್ಕಿ ಕಟ್ಟಿದ ಗುಮ್ಮಟ. ಕೆಳಗಿಂದ ಆಧಾರ ಕೊಡದೆ ಹೇಗೆ ಕಟ್ಟಿದ ಅನ್ನೋದನ್ನ ನೋಡಬೇಕು ಅಂತ ಮೂವತ್ತು ವರ್ಷದ ಆಸೆ.

ಆಯುರ್ ಅಂಕಲ್: ಮೇಷ್ಟ್ರೇ, ಮೊಣಕಾಲಿಗೆ ಚಿಂತೆ ಬೇಡ. ಎಕ್ಕದ ಎಲೆಗೆ ಎಳ್ಳೆಣ್ಣೆ ಸವರಿ ಬಿಸಿ ಮಾಡಿ ರಾತ್ರಿ ಕಟ್ಟಿ. ಏಳು ದಿನದಲ್ಲಿ ಬೆಟ್ಟ ಹತ್ತಬಹುದು. ಫಾರ್ವರ್ಡ್ ಆಗಿ ಬಂದದ್ದು, ಸಾವಿರಾರು ಜನಕ್ಕೆ ಗುಣ ಆಗಿದೆ.

ಬೊಲೊನ್ಯಾ ಅಕ್ಕ: ಅಂಕಲ್, ಒಳಗಿರೋದು ಲೋಹದ ಕೀಲು. ಎಲೆ ಕಟ್ಟೋದ್ರಿಂದ ಅದಕ್ಕೇನೂ ಆಗಲ್ಲ, ಚರ್ಮ ಸುಟ್ಟು ಗಾಯ ಆದ್ರೆ ಸೋಂಕಿನ ಅಪಾಯ. ಎಕ್ಕದ ಹಾಲು ಕಣ್ಣಿಗೆ ಬಿದ್ದೋರನ್ನ ನಾನೇ ನೋಡಿದೀನಿ. ಮೇಷ್ಟ್ರೇ, ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರನ್ನ ಎರಡು ವಿಷಯ ಕೇಳಿ: ಇಷ್ಟು ನಡೆಯಬಹುದಾ, ಅಷ್ಟು ಹೊತ್ತು ವಿಮಾನದಲ್ಲಿ ಕೂತಾಗ ಏನು ಎಚ್ಚರ. ಕೀಲಿನ ಬಗ್ಗೆ ಪತ್ರ ತಗೊಳ್ಳಿ, ಲೋಹ ಪತ್ತೆ ಬಾಗಿಲಲ್ಲಿ ಕೂಗತ್ತೆ. ಮಾತ್ರೆ ಚೀಟಿಯಲ್ಲಿ ಔಷಧದ ಮೂಲ ಹೆಸರಿರಲಿ, ಕಂಪನಿ ಹೆಸರು ಇಲ್ಲಿಯವರಿಗೆ ಅರ್ಥ ಆಗಲ್ಲ. ವಿಮೆಯಲ್ಲಿ ಹಳೇ ಕಾಯಿಲೆ ಸೇರಿದೆಯಾ ಅಂತ ಸಣ್ಣಕ್ಷರ ಓದಿ.

ಈಗ ಪ್ಲಾನ್. ನಾನು ಹೇಳಿದ್ದನ್ನ ವಾಪಸ್ ತಗೋತೀನಿ. ಅವರು ಕೇಳಿದ್ದು ಒಂದೇ ಊರು, ಅದನ್ನೇ ಹೊಡೆದುಹಾಕೋದು ನ್ಯಾಯ ಅಲ್ಲ.

ಶನಿ, ಭಾನು, ಸೋಮ ರಾತ್ರಿ ರೋಮ್. ಶನಿವಾರ ಏನೂ ಬೇಡ, ಸಂಜೆ ಟ್ರೆವಿ ಕಾರಂಜಿ ಕಡೆ ಒಂದು ಸುತ್ತು. ಭಾನುವಾರ ಬೆಳಿಗ್ಗೆ ಕೊಲೋಸಿಯಂ, ಒಳಗೆ ಲಿಫ್ಟ್ ಇದೆ. ಸೋಮವಾರ ವ್ಯಾಟಿಕನ್, ಮ್ಯೂಸಿಯಂನಲ್ಲಿ ಕೇಳಿದ್ರೆ ಗಾಲಿಕುರ್ಚಿ ಪುಕ್ಕಟೆ ಕೊಡ್ತಾರೆ, ನಾಚಿಕೆ ಬೇಡ ಅಂತ ಅಮ್ಮನಿಗೆ ಹೇಳಿ. ಮಂಗಳವಾರ ಬೆಳಿಗ್ಗೆ ರೈಲಲ್ಲಿ ಒಂದೂವರೆ ಗಂಟೆಗೆ ಫ್ಲಾರೆನ್ಸ್, ಮಧ್ಯಾಹ್ನ ಉಫೀಝಿ, ಅಲ್ಲೂ ಲಿಫ್ಟ್ ಇದೆ.

ಬುಧವಾರ ಬೆಳಗಿನ ಮೊದಲ ಸಮಯಕ್ಕೆ ಗುಮ್ಮಟ ನಿಮಗೆ ಮಾತ್ರ ಬುಕ್ ಮಾಡಿ. 463 ಮೆಟ್ಟಿಲು, ಲಿಫ್ಟ್ ಇಲ್ಲ. ನಿಮಗೆ ಇಷ್ಟ ಆಗೋದು ತುದಿಯ ನೋಟಕ್ಕಿಂತ ದಾರಿ. ಗುಮ್ಮಟ ಒಂದರೊಳಗೆ ಒಂದು, ಎರಡು ಚಿಪ್ಪು. ನೀವು ಹತ್ತೋದು ಅವೆರಡರ ನಡುವಿನ ಸಂದಿಯಲ್ಲಿ. 1420ರಿಂದ 1436ರವರೆಗೆ ನೆಲದಿಂದ ಮರದ ಅಚ್ಚು ನಿಲ್ಲಿಸದೆ ಕಟ್ಟಿದರು. ಅಡ್ಡ ಇಟ್ಟಿಗೆ ಸಾಲಿನ ಮಧ್ಯೆ ಅಲ್ಲಲ್ಲಿ ಇಟ್ಟಿಗೆ ನೆಟ್ಟಗೆ ನಿಲ್ಲಿಸಿ ಸುರುಳಿಯಾಗಿ ಮೇಲಕ್ಕೆ ಒಯ್ದಿದ್ದಾರೆ, ಗಾರೆ ಒಣಗೋವರೆಗೂ ಹೊಸ ಸಾಲು ಜಾರದಿರೋದು ಅದರಿಂದ. ಗೋಡೆ ನೋಡ್ತಾ ಹತ್ತಿ, ಹಿಂದಿನವರು ಬೈದರೆ ಬೈಲಿ. ಅಷ್ಟು ಹೊತ್ತು ಅಮ್ಮ ಸಾನ್ ಲೊರೆಂಜೊ ಚರ್ಚ್ ಪಕ್ಕದ ಮಾರುಕಟ್ಟೆಯಲ್ಲಿ ಕಾಫಿ ಕುಡೀತಾ ಕೂರಲಿ.

ಅವತ್ತೇ ಮಧ್ಯಾಹ್ನ ವೆನಿಸ್, ಎರಡೂಕಾಲು ಗಂಟೆ. ಇಳಿಯೋದು ಸಾಂತಾ ಲುಚೀಯಾ ನಿಲ್ದಾಣದಲ್ಲಿ. ಬುಧ, ಗುರು ರಾತ್ರಿ ಅಲ್ಲೇ. ಶುಕ್ರವಾರ ಎರಡೂವರೆ ಗಂಟೆಯಲ್ಲಿ ಮಿಲಾನ್. ನಿಲ್ದಾಣಗಳಲ್ಲಿ 'ಸಾಲಾ ಬ್ಲೂ' ಅಂತ ಸಹಾಯ ಕೇಂದ್ರ ಇದೆ, ಮೊದಲೇ ಹೇಳಿದ್ರೆ ರೈಲು ಹತ್ತಿಸಿ ಇಳಿಸ್ತಾರೆ, ಹಣ ಇಲ್ಲ.

ಜಿಪುಣಾಗ್ರೇಸರ: ವೆನಿಸ್ ಒಳಗೆ ಹೋಟೆಲ್ ದುಬಾರಿ. ಮೆಸ್ತ್ರೆಯಲ್ಲಿ ಇರಿ ಮೇಷ್ಟ್ರೇ, ಅರ್ಧ ದುಡ್ಡು, ರೈಲಲ್ಲಿ ಹತ್ತೇ ನಿಮಿಷ.

ಮಲ್ನಾಡ್ ಹುಡ್ಗಿ: ಮೆಸ್ತ್ರೆಯಲ್ಲಿ ಮಲಗಿ ವೆನಿಸ್ ನೋಡ್ದೆ ಅನ್ನೋದು, ತಾಳಗುಪ್ಪದಲ್ಲಿ ಉಳಿದು ಜೋಗ ನೋಡ್ದೆ ಅಂದಹಾಗೆ. ರಾತ್ರಿ ಹತ್ತರ ಮೇಲೆ ದಿನದ ಜನ ಎಲ್ಲ ಹೋದ ಮೇಲೇ ಆ ಊರು ಊರಾಗೋದು.

ಜಿಪುಣಾಗ್ರೇಸರ: ತಾಳಗುಪ್ಪದಲ್ಲಿ ಏನು ತಪ್ಪು? ನಾನು ಅಲ್ಲಿಯವನೇ. ಎಲ್ಲರ ಅಪ್ಪನೂ ಅಡಿಕೆ ಮಂಡಿ ಇಟ್ಟಿಲ್ಲ.

ಮಲ್ನಾಡ್ ಹುಡ್ಗಿ: ಅಡಿಕೆ ಎಲ್ಲಿಂದ ಬಂತು ಈಗ?

ಬೊಲೊನ್ಯಾ ಅಕ್ಕ: ಕಾಲು ನೋವಿರೋರಿಗೆ ದಿನಾ ಎರಡು ಸಲ ನಿಲ್ದಾಣ ಬೇಡ. ವೆನಿಸ್ ಒಳಗೇ, ಮತ್ತೆ ಹೋಟೆಲಿಗೂ ದೋಣಿ ನಿಲ್ದಾಣಕ್ಕೂ ಮಧ್ಯೆ ಒಂದೂ ಸೇತುವೆ ಇಲ್ಲದ ಕಡೆ. ದೊಡ್ಡ ಕಾಲುವೆಯ ಒಂದನೇ ನಂಬರ್ ದೋಣಿ ಹತ್ತಿ ಆ ತುದಿಯಿಂದ ಈ ತುದಿಗೆ ಕೂತೇ ಹೋಗಿ, ಅಮ್ಮನಿಗೆ ಅದೇ ವೆನಿಸ್. ಬಿಡಿ ಟಿಕೆಟ್ 75 ನಿಮಿಷಕ್ಕೆ 9.50 ಯೂರೋ, 48 ಗಂಟೆಯ ಪಾಸ್ 35. ಪಾಸೇ ತಗೊಳ್ಳಿ.

ಟೆಕ್ಕಿ ತಮ್ಮ: ಅಕ್ಕ, ಫ್ಲಾರೆನ್ಸಲ್ಲಿ ಕಾರ್ ಬಾಡಿಗೆಗೆ ತಗೊಂಡು ಹೋಟೆಲ್ ಬಾಗಿಲಿಗೇ ಹೋಗೋಣ ಅಂತ. ಟೂರಿಸ್ಟ್‌ಗೆ ದಂಡ ಹಾಕಲ್ಲ ಅಂತ ಒಂದು ವಿಡಿಯೋದಲ್ಲಿ ನೋಡ್ದೆ.

ಬೊಲೊನ್ಯಾ ಅಕ್ಕ: ಹಾಕ್ತಾರೆ. ಹಳೇ ಊರಿನೊಳಗೆ ಝಡ್‌ಟಿಎಲ್ ಅಂತ ನಿರ್ಬಂಧಿತ ವಲಯ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯತ್ತೆ. ಒಳಗೆ ಹೋದ್ರೆ ದಂಡ. ಅಂತರರಾಷ್ಟ್ರೀಯ ಪರವಾನಗಿ ಇಲ್ಲದೆ ಓಡಿಸೋ ಹಾಗೂ ಇಲ್ಲ.

ಕಾಫಿಪುಡಿ: ನಮ್ಮ ಭಾವನಿಗೆ ಮೂರು ದಂಡ ಬಂತು, ಮನೆಗೆ ಬಂದು ಎಂಟು ತಿಂಗಳ ಮೇಲೆ. ಒಂದೇ ರಸ್ತೆ, ಪಾರ್ಕಿಂಗ್ ಹುಡುಕ್ತಾ ಮೂರು ಸಲ ಸುತ್ತಿದ್ದ.

ಆಯುರ್ ಅಂಕಲ್: ಮುಖ್ಯವಾದ ಎಚ್ಚರಿಕೆ, ಎಲ್ಲರಿಗೂ ಕಳಿಸಿ: ಇಟಲಿಯಲ್ಲಿ ನಲ್ಲಿ ನೀರು ವಿಷ...

ಬೊಲೊನ್ಯಾ ಅಕ್ಕ: ಸುಳ್ಳು. ರೋಮಿನ ಬೀದಿ ನಲ್ಲಿಗಳ ನೀರು ಕುಡಿಯೋಕೇ ಇರೋದು. ಅಂಕಲ್, ದಯವಿಟ್ಟು ಸಾಕು.

ಆಯುರ್ ಅಂಕಲ್: ಒಳ್ಳೇದಕ್ಕೆ ಹೇಳಿದ್ರೆ ಹೀಗೆ. ಹೊರದೇಶಕ್ಕೆ ಹೋದ ಕೂಡಲೇ ಹಿರಿಯರು ಕಾಣಲ್ಲ.

ಸೀಟಿ ರೋಡು: ಯಾರೂ ಹೇಳ್ಲಿಲ್ಲ, ಕೊಲೋಸಿಯಂ?

ಬೊಲೊನ್ಯಾ ಅಕ್ಕ: 30 ದಿನ ಮೊದಲು. ಮೇಲೆ. ಮೊದಲನೇ ಉತ್ತರ.

ಹನಿಮೂನ್ ಜೋಡಿ: ಗೊಂಡೋಲಾ?

ಅಡ್ಮಿನ್: ಹುಬ್ಬಳ್ಳಿ, ತಾಳಗುಪ್ಪದವರು ದಯವಿಟ್ಟು ಖಾಸಗಿಯಾಗಿ ಮಾತಾಡಿಕೊಳ್ಳಿ. ಅಂಕಲ್ ಅವರ ಎರಡು ಸಂದೇಶ ತೆಗೆದಿದ್ದೇನೆ.

ಹುಬ್ಳಿ ಮಂದಿ: ನಾ ಏನ್ ಮಾಡೀನ್ರಿ? ನಾ ಪೇಡೆ ಬಗ್ಗೆ ಕೇಳೀನಿ ಅಷ್ಟ.

ಸಾಗರದ ಮೇಷ್ಟ್ರು: ಮೇಡಂ, ಕ್ಷಮಿಸಿ, ಕೊನೆಯದು. ವೆನಿಸ್ ಹೋಟೆಲಿನವರು ಬರೆದಿದ್ದಾರೆ, ರೂಮ್ ಎರಡನೇ ಮಹಡಿ, ಲಿಫ್ಟ್ ಇದೆ, ಆದರೆ ಲಿಫ್ಟ್‌ವರೆಗೆ 'ಕೆಲವು' ಮೆಟ್ಟಿಲು ಅಂತೆ.

ಬೊಲೊನ್ಯಾ ಅಕ್ಕ: ಎಷ್ಟು ಅಂತ ಸಂಖ್ಯೆ ಕೇಳಿ. ಹಳೇ ಕಟ್ಟಡದಲ್ಲಿ ಲಿಫ್ಟ್ ನೆಲದಿಂದ ಶುರು ಆಗಲೇಬೇಕು ಅಂತೇನಿಲ್ಲ.

ಸಾಗರದ ಮೇಷ್ಟ್ರು: ಈಗ ಉತ್ತರ ಬಂತು. 22. ಹಿಡಿಯೋಕೆ ಕಂಬಿ ಒಂದೇ ಕಡೆ, ಬಲಕ್ಕೆ. ಮನೆಯವರಿಗೆ ನೋವಿರೋದು ಎಡಗಾಲು, ಇಳಿಯುವಾಗ ಕಂಬಿ ಎಡಕ್ಕೆ ಬರುತ್ತೆ ಅಂತ ಲೆಕ್ಕ ಹಾಕ್ತಿದ್ದೇನೆ.

ಬೊಲೊನ್ಯಾ ಅಕ್ಕ: ಲೆಕ್ಕ ಹಾಕಬೇಡಿ ಮೇಷ್ಟ್ರೇ. ರದ್ದು ಮಾಡಿ, ಇವತ್ತೇ.