ಸಹಾಯ ಬೇಕು: ಇದು ಏಕಾಂತವೋ, ಒಂಟಿತನವೋ?

ಎಲ್ಲರಿಗೂ ನಮಸ್ಕಾರ. ಚಿತ್ರಕಲೆ ಕಲಿಯಲು ಬರುವ ಹೈಸ್ಕೂಲು ಮಕ್ಕಳಿಗೆ ಈ ಭಾನುವಾರ ಒಂದು ಚಿತ್ರದ ಬಗ್ಗೆ ಹೇಳಬೇಕು. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಖ್ 1808ರಿಂದ 1810ರ ನಡುವೆ ಬರೆದ ‘ಕಡಲ ತಡಿಯ ಸನ್ಯಾಸಿ’. (ಕನ್ನಡದ ಹೆಸರು ನಾನೇ ಇಟ್ಟುಕೊಂಡದ್ದು.)

ಸುಮಾರು 1.7 ಮೀಟರ್ ಅಗಲದ ಕ್ಯಾನ್ವಾಸು. ಬಹುಪಾಲು ಬರೀ ಆಕಾಶ. ಕೆಳಗೆ ಕಪ್ಪು ಪಟ್ಟಿಯಂತೆ ಕಡಲು, ಬಿಳಿಚಿದ ಮರಳು, ಅಲ್ಲಿ ನಮಗೆ ಬೆನ್ನು ಮಾಡಿ ನಿಂತ ಪುಟ್ಟ ಮನುಷ್ಯ. ಮೊದಲು ಹಡಗುಗಳೂ ಇದ್ದವಂತೆ, ಆಮೇಲೆ ಬಣ್ಣ ಬಳಿದು ಮುಚ್ಚಿಬಿಟ್ಟ. ನನಗೆ ಹಿಡಿಸಿದ್ದೇ ಅದು. ಕಣ್ಣು ಹೋಗಿ ಕೂರಲು ಒಂದು ಆಸರೆಯನ್ನೂ ಉಳಿಸಿಲ್ಲ ಪುಣ್ಯಾತ್ಮ! 1810ರಲ್ಲಿ ಬರ್ಲಿನ್ನಿನಲ್ಲಿ ಇದನ್ನು ಪ್ರದರ್ಶಿಸಿದಾಗ, ನೋಡಿದರೆ ಕಣ್ಣಿನ ರೆಪ್ಪೆಯನ್ನೇ ಕತ್ತರಿಸಿ ತೆಗೆದಂತಾಗುತ್ತದೆ ಎಂದು ಸಾಹಿತಿ ಕ್ಲೈಸ್ಟ್ ಬರೆದಿದ್ದ.

ನನ್ನ ತೊಡಕು ಪದದ್ದು. ಏಕಾಂತ ಅಂದರೆ ಅವನೇ ಬಯಸಿ ಬಂದಂತೆ, ಒಂಟಿತನ ಅಂದರೆ ಯಾರೋ ಬಿಟ್ಟುಹೋದಂತೆ. ಮುಖವೇ ಕಾಣದವನಿಗೆ ಯಾವುದನ್ನು ಹೇಳಲಿ? ‘ಬಿಕೋ ಅನ್ನುವುದು’ ಹತ್ತಿರ ಬರುತ್ತದೆ, ಆದರೆ ಅದು ಜಾಗಕ್ಕೆ ಹೇಳುವ ಮಾತಲ್ಲವೇ?

ಕರಾವಳಿಯವರು ದಯವಿಟ್ಟು ಹೇಳಿ: ಮಳೆಗಾಲದಲ್ಲಿ ದೋಣಿಗಳೆಲ್ಲ ದಡ ಸೇರಿದ ಮೇಲೆ ಖಾಲಿ ಕಡಲ ಮುಂದೆ ನಿಂತರೆ ಆಗುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ?

ಬರ್ಲಿನ್ನಿನ ಆಲ್ಟೆ ನ್ಯಾಷನಲ್‌ಗ್ಯಾಲರಿಯಲ್ಲಿ ಮೂಲಚಿತ್ರ ನೋಡಿದವರಿದ್ದರೆ ಇನ್ನೊಂದು ಪ್ರಶ್ನೆ. ಆಕಾಶದ ನೀಲಿ ನಿಜಕ್ಕೂ ಹೇಗಿದೆ? ಮೊಬೈಲಿನಲ್ಲಿ ಒಂದೊಂದು ಫೋಟೊದಲ್ಲಿ ಒಂದೊಂದು ಬಣ್ಣ. ಶನಿವಾರ ಸಂಜೆಯೊಳಗೆ ತಿಳಿಸಿದರೆ ಉಪಕಾರ.